ಬಾಯಿ ಬಿಡದ ಓಬಳೇಶಪ್ಪ

ಪ್ಲಂಬರ್ ಓಬಳೇಶಪ್ಪ ಮೂರು ದಿನ ನಮ್ಮ ಬಚ್ಚಲುಮನೆಯಲ್ಲಿ ಕುಟ್ಟಿ, ಕೊರೆದು, ಮೆತ್ತಿ, ಕೊನೆಗೆ ಸೈಕಲ್ಲಿನ ಹ್ಯಾಂಡಲ್ಲಿಗೆ ಪೈಪು ತಿರುಗಿಸುವ ಪಾನ ಇಣುಕುತ್ತಿದ್ದ ಸಾಮಾನಿನ ಚೀಲ ಸಿಕ್ಕಿಸಿಕೊಂಡು "ಆಯ್ತು" ಎಂದ. ಮೂರು ದಿನಕ್ಕೆ ಅವನು ಆಡಿದ್ದು ಅದೊಂದೇ ಮಾತು. ಅದನ್ನಾದರೂ ನನ್ನ ಕಡೆ ತಿರುಗಿ ಆಡಿದನೇ ಎಂದರೆ ಇಲ್ಲ, ಸೈಕಲ್ಲಿನ ಬೆಲ್ಲಿಗೆ ವರದಿ ಒಪ್ಪಿಸಿದವನಂತೆ ಹೇಳಿ ಪೆಡಲ್ ತುಳಿದ. ನಾನು ಬಾಗಿಲಲ್ಲಿ ನಿಂತು ಆ ಒಂದು ಮಾತನ್ನು ಕಿವಿಯಲ್ಲಿ ಹಿಡಿದಿಟ್ಟುಕೊಳ್ಳಲು ನೋಡಿದೆ. ಎರಡಕ್ಷರದಲ್ಲಿ ಏನು ತಾನೇ ಸಿಗುತ್ತದೆ? ಸ್ವಲ್ಪ ಮೂಗಿನಲ್ಲಿ ಬಂದ ಹಾಗಿತ್ತು, ಅಷ್ಟೆ.

ಅಷ್ಟರಲ್ಲಿ ಬಚ್ಚಲುಮನೆಯ ಕಡೆಯಿಂದ ನಮ್ಮ ಅತ್ತೆ ಕೋಮಲಮ್ಮನವರ ಕೂಗು ಕೇಳಿಸಿತು. "ವಾರಿಜಾ! ಬಾರೇ ಇಲ್ಲಿ! ಇವನೇನು ನಲ್ಲಿ ಹಾಕಿದಾನೋ, ನಲ್ಲಿ ಬೆಳೆಸಿದಾನೋ?"

ಅತ್ತೆಯವರು ಹೆಸರಿಗೆ ಕೋಮಲ, ಕಂಠಕ್ಕೆ ಕಹಳೆ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದವರು. ನಾಲ್ಕು ತಿಂಗಳ ಹಿಂದೆ ಪಕ್ಕದ ಮನೆಯ ಹೆಂಗಸರಿಗೆ ಒಂಟಿಕಾಲಲ್ಲಿ ನಿಲ್ಲುವುದನ್ನು ಕಲಿಸಲು ಹೋಗಿ, ಎರಡು ಕಾಲಲ್ಲೂ ನಿಲ್ಲಲಾಗದಂತೆ ಸೊಂಟದ ಮೂಳೆ ಮುರಿದುಕೊಂಡರು. ಈಗ ವಾಕರ್ ಹಿಡಿದು ಓಡಾಡುವಷ್ಟಾಗಿದೆ. ಊಟ, ತಿಂಡಿ, ಜಗಳ ಎಲ್ಲ ಅವರೇ ಮಾಡಿಕೊಳ್ಳುತ್ತಾರೆ. ಸ್ನಾನ ಒಂದು ಮಾತ್ರ ನಾನು ಮಾಡಿಸಬೇಕು. ದಿನಾ ಬೆಳಿಗ್ಗೆ ಅವರು ಗೋಡೆಯ ಕಡೆ ಮುಖ ಮಾಡಿಕೊಂಡು ಕೂರುತ್ತಾರೆ, ನಾನು ನೀರು ಹಾಕುತ್ತೇನೆ, ಇಬ್ಬರೂ ತರಕಾರಿ, ಸೀರಿಯಲ್ಲು, ಪಕ್ಕದ ಮನೆಯ ಬೆಕ್ಕು ಎಂದು ಏನೇನೋ ಮಾತಾಡುತ್ತೇವೆ. ಅವರ ಮುಖ ನನಗೆ ಕಾಣಿಸಬಾರದು, ನನ್ನ ಮುಖ ಅವರಿಗೆ ಕಾಣಿಸಬಾರದು, ಅದಕ್ಕೇ ಆ ಗೋಡೆ, ಅದಕ್ಕೇ ಆ ಮಾತು. ಡಾಕ್ಟರು "ಕೂತುಕೊಳ್ಳೋಕೆ ಸ್ಟೂಲು, ಕೈಗೆ ಎಟುಕೋ ಹಾಗೆ ನಲ್ಲಿ, ಹಿಡಿದುಕೊಳ್ಳೋಕೆ ಒಂದು ಕಂಬಿ ಹಾಕಿಸಿಬಿಡಿ, ಒಬ್ಬರೇ ಸ್ನಾನ ಮಾಡಬಹುದು" ಎಂದ ದಿನ ಅತ್ತೆಯವರು ಆಸ್ಪತ್ರೆಯಿಂದ ಮನೆಯವರೆಗೂ ಆಟೋದಲ್ಲಿ ಸಿಳ್ಳೆ ಹಾಕಿಕೊಂಡೇ ಬಂದರು. "ನನ್ನ ಬೆನ್ನನ್ನ ನಾನೇ ಉಜ್ಜಿಕೊಳ್ಳೋ ದಿನ ಬಂದ್ರೆ ಸಾಕು ಕಣೇ. ಆಮೇಲೆ ಯಮ ಬಂದ್ರೂ ಸಾಲಲ್ಲಿ ನಿಲ್ಲಿಸ್ತೀನಿ" ಎಂದರು.

ಓಬಳೇಶಪ್ಪನನ್ನು ಕರೆಸಿದ್ದು ಇದಕ್ಕೇ. ಅವನು ಮಾಡಿಹೋಗಿದ್ದೇನು? ಸ್ಟೂಲಿನ ಮೇಲೆ ಕೂತು ಕೈ ಚಾಚಿದರೆ ನಲ್ಲಿಗೆ ಇನ್ನೂ ಒಂದು ಗೇಣು ಬಾಕಿ. ಹಿಡಿದುಕೊಳ್ಳುವ ಕಂಬಿಯನ್ನು ಬೆನ್ನ ಹಿಂದಿನ ಗೋಡೆಗೆ ಬಡಿದಿದ್ದ, ಮೊಣಕೈ ಹಿಂದುಮುಂದಾಗಿ ಹುಟ್ಟಿದವರಿಗೆ ಅನುಕೂಲವಾಗುವ ಹಾಗೆ. ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿ ಗುರುತಿನದರಲ್ಲಿ ಕುದಿನೀರು. ಹೆಬ್ಬೆರಳು ದಪ್ಪದ ಪೈಪು ತೂರಿಸಲು ತೆಂಗಿನಕಾಯಿ ಹಿಡಿಸುವಷ್ಟು ತೂತು ಹೊಡೆದು, ಸುತ್ತ ಬಿಳಿ ಸಿಮೆಂಟನ್ನು ಮುದ್ದೆ ಮುದ್ದೆಯಾಗಿ ಮೆತ್ತಿದ್ದ. ಗೋಡೆಯ ಉದ್ದಕ್ಕೂ ಪೈಪು, ಓಡುವ ಬಸ್ಸಿನಲ್ಲಿ ಕೂತು ಎಳೆದ ಗೆರೆಯಂತೆ ಏರಿಳಿದಿತ್ತು. ಪ್ರತಿ ಜಾಯಿಂಟಿನಿಂದಲೂ ಸೆಣಬಿನ ನಾರು ಮೀಸೆಯಂತೆ ಇಳಿಬಿದ್ದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಇನ್ನೊಂದು ಪೈಪನ್ನು ಬಾಗಿಲಿಗೆ ಅಡ್ಡವಾಗಿ, ಹಿಮ್ಮಡಿಯ ಎತ್ತರಕ್ಕೆ ಹಾಯಿಸಿದ್ದ. ಅತ್ತೆಯವರ ವಾಕರ್ ಅದಕ್ಕೆ ತಾಕಿ ನಿಂತಿತ್ತು. ಒಬ್ಬರೇ ಸ್ನಾನ ಮಾಡುವುದಿರಲಿ, ಒಬ್ಬರೇ ಒಳಗೆ ಹೋಗುವಂತೆಯೂ ಇರಲಿಲ್ಲ.

"ದೂರು ಹೇಳಮ್ಮಾ" ಎಂದರು ಅತ್ತೆ. "ನೀನಿದ್ದೀಯಲ್ಲ."

ನಮ್ಮೂರಲ್ಲಿ ಕೆಲಸದವರ ಮೇಲೆ ದೂರನ್ನು ನಮ್ಮ ಧ್ವನಿಯಲ್ಲಿ ಹೇಳುವಂತಿಲ್ಲ. ಅವರ ಧ್ವನಿಯಲ್ಲೇ, ಅವರ ಎದುರಿಗೇ, ಭಾನುವಾರ ಹತ್ತು ಗಂಟೆಗೆ, ನಾಲ್ಕು ಜನರ ಮುಂದೆ ಹೇಳಬೇಕು. ಮನೆಯವರೇ ಹೇಳಬೇಕು, ಹೊರಗಿನವರನ್ನು ಕರೆಸುವಂತಿಲ್ಲ. ಕೇಳಿದವನು "ಇದು ನಾನೇ" ಎಂದರೆ ಮಾಡಿದ್ದನ್ನೆಲ್ಲ ಕಿತ್ತು ಹೊಸದಾಗಿ ಮಾಡಿಕೊಡಬೇಕು. "ಇವರು ಯಾರೋ ಗೊತ್ತಿಲ್ಲ" ಎಂದರೆ ದೂರು ಬಿದ್ದುಹೋಯಿತು. ಎರಡು ಸಲ ಬಿದ್ದುಹೋದರೆ ಮುಂದಿನ ಯುಗಾದಿಯವರೆಗೆ ಆ ಕೆಲಸವನ್ನು ಯಾರೂ ಮುಟ್ಟುವಂತಿಲ್ಲ. ಆತ ಸುಳ್ಳು ಹೇಳಿದರೆ ಎಂದು ಬೇರೆ ಊರಿನವರು ಕೇಳುತ್ತಾರೆ. ತನ್ನ ಧ್ವನಿ ಇನ್ನೊಬ್ಬರ ಬಾಯಿಂದ ಹೊರಬಿದ್ದಾಗ ಮನುಷ್ಯನ ಮುಖ ಏನಾಗುತ್ತದೆ ಎಂದು ಅವರು ನೋಡಿಲ್ಲ, ಪಾಪ.

ಹಾಗಾಗಿ ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರು ಹಾಡು ಬರುತ್ತದಾ ಎಂದು ಕೇಳುವುದಿಲ್ಲ, ಟೈಲರ್ ಧ್ವನಿ ಬರುತ್ತದಾ ಎಂದು ಕೇಳುತ್ತಾರೆ. ನನಗೆ ಬರುತ್ತಿತ್ತು. ಬಿ.ಎ.ಯಲ್ಲಿ ನಾನು ಓದಿದ್ದು ಇತಿಹಾಸ, ಮಾಡಿದ್ದು ಪರಿಹಾಸ. ಹಾಜರಿ ಕರೆಯುವಾಗ ಹದಿನೇಳು ಹುಡುಗಿಯರ ಪರವಾಗಿ ಹದಿನೇಳು ಧ್ವನಿಯಲ್ಲಿ "ಎಸ್ ಸಾರ್" ಎಂದವಳು ನಾನು. ನಮ್ಮವರು, ಧರಣೇಂದ್ರ, ಬಾಯಿ ತೆಗೆದರೆ ಯಾರನ್ನು ಮಾಡಿದರೂ ಧರಣೇಂದ್ರನೇ ಬರುತ್ತಾರೆ. ಮದುವೆಗೆ ಮುಂಚೆ ಅವರು ಮಾಡಿಸಿದ ಬೀರುವಿನ ಬಾಗಿಲು ಇವತ್ತಿಗೂ ಗೋಡೆಯ ಕಡೆಗೇ ತೆರೆಯುತ್ತದೆ. ನಾನು ಬಂದ ಮೇಲೆ ಮನೆಯ ಕಿಟಕಿ, ಸೋಫಾ, ನನ್ನ ಆರು ರವಿಕೆ, ಎಲ್ಲ ನೆಟ್ಟಗಾದವು. ಆಮೇಲೆ ಬೀದಿಯವರೆಲ್ಲ ನನ್ನ ಹತ್ತಿರ ಪಾಠಕ್ಕೆ ಬರತೊಡಗಿದರು. "ವಾರಿಜಮ್ಮಾ, ನಮ್ಮ ಬಡಗಿಯದು ಆ ಕೆಮ್ಮು ಒಂದು ಸರಿಯಾಗಿ ಬರ್ತಿಲ್ಲ ನೋಡಿ" ಎನ್ನುತ್ತಾ ಬರುವವರಿಗೆ ಕೆಮ್ಮು ತಿದ್ದಿ ಕಳಿಸುತ್ತಿದ್ದೆ.

ಆದರೆ ಕೆಮ್ಮದವನನ್ನು ಏನು ಮಾಡುವುದು? ಆ ಮೂರು ದಿನ ಓಬಳೇಶಪ್ಪನ ಬಾಯಿ ತೆಗೆಸಲು ನಾನು ಪಡದ ಪಾಡಿಲ್ಲ. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. "ಓಬಳೇಶಪ್ಪೋರೇ, ಕಾಫಿಗೆ ಸಕ್ಕರೆ ಸಾಕಾ?" ಎಂದರೆ ತಲೆಯಾಡಿಸಿದ. "ಮಳೆ ಬರಬಹುದಾ?" ಎಂದರೆ ಕಿಟಕಿಯಿಂದ ಆಕಾಶ ತೋರಿಸಿದ, ನೀವೇ ನೋಡಿಕೊಳ್ಳಿ ಎಂಬಂತೆ. "ಪೈಪಿಗೂ ಪಾಪಕ್ಕೂ ಏನು ಸಂಬಂಧ ಗೊತ್ತಾ? ಎರಡೂ ಸೋರಿದ ಮೇಲೇ ಊರಿಗೆ ಗೊತ್ತಾಗೋದು!" ಎಂದೆ. ತುಟಿ ಕಚ್ಚಿ ಹಿಡಿದುಕೊಂಡ, ಭುಜ ಮಾತ್ರ ಎರಡು ಸಲ ಕುಲುಕಿತು. ಒಂದೆರಡು ಸಲ ನನ್ನ ಮುಖ ನೋಡಿ, ಅತ್ತೆಯವರ ಕೋಣೆಯ ಕಡೆ ನೋಡಿ, ಏನೋ ಹೇಳುವವನಂತೆ ಬಾಯಿ ತೆರೆದ. ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದೆ. ತಟ್ಟನೆ ಮುಚ್ಚಿಕೊಂಡ.

ಭಾನುವಾರ ನಮ್ಮ ಜಗುಲಿಯ ಮುಂದೆ ಬೀದಿಗೆ ಬೀದಿಯೇ ಸೇರಿತು. ನನ್ನ ದೂರು ಎಂದರೆ ಜನ ಕಡಲೆಪುರಿ ಕಟ್ಟಿಸಿಕೊಂಡು ಬರುವುದು ರೂಢಿ. ಸಾಕ್ಷಿಗೆ ಕೂತವರು ಪಕ್ಕದ ಮನೆಯ ಹಯವದನ ರಾಯರು, ರಿಟೈರ್ಡ್ ಪೋಸ್ಟ್‌ಮಾಸ್ಟರು. ಓಬಳೇಶಪ್ಪ ಕೈಕಟ್ಟಿ ಅಂಗಳದಲ್ಲಿ ನಿಂತ. ನನ್ನ ಹತ್ತಿರ ಇದ್ದದ್ದು ಮೂಗಿನಲ್ಲಿ ಬಂದ ಎರಡಕ್ಷರ. ಅದಕ್ಕೆ ನಾನೇ ಎಲೆ‌ಅಡಿಕೆ ತುಂಬಿದ ದವಡೆ ಜೋಡಿಸಿದೆ, ಎಳೆದಾಡುವ ರಾಗ ಹಚ್ಚಿದೆ, ಸೊಂಟ ಕೆರೆದುಕೊಂಡೆ. "ನೀರಿಗೆ ದಾರಿ ನಾವ್ಯಾಕೆ ಹೇಳ್ಕೊಡ್ಬೇಕು ಅಮ್ಮಾವ್ರೇ? ಅದಕ್ಕೇನು ಕಾಲಿಲ್ವಾ? ಸ್ವಲ್ಪ ದಿನ ಮನೆಯೆಲ್ಲ ಸುತ್ತಾಡಿ ತಾನೇ ಬಚ್ಚಲಿಗೆ ಬತ್ತದೆ ಬಿಡಿ" ಎಂದೆ. ಬೀದಿ ಬಿದ್ದು ಬಿದ್ದು ನಕ್ಕಿತು. ರಾಯರ ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಓಬಳೇಶಪ್ಪನೂ ನಕ್ಕ. ಶಬ್ದವಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಹೆಗಲ ಮೇಲಿನ ಟವೆಲಿನಿಂದ ಒರೆಸಿಕೊಂಡು, ಇಲ್ಲ ಎಂದು ತಲೆಯಾಡಿಸಿದ.

"ಬಾಯಲ್ಲಿ ಹೇಳಬೇಕಪ್ಪ" ಎಂದರು ರಾಯರು.

"ಗೊತ್ತಿಲ್ಲ" ಎಂದ, ಮತ್ತೆ ಅದೇ ಮೂಗಿನಲ್ಲಿ.

ಮುಖದಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಏಕೆಂದರೆ ನಾನು ಕಟ್ಟಿದ ಆ ಮನುಷ್ಯ ಎಲ್ಲಿಯೂ ಇರಲಿಲ್ಲ. ಮದುವೆಯಾದಾಗಿನಿಂದ ಮೊದಲ ಬಾರಿಗೆ ನನ್ನ ದೂರು ಬಿದ್ದುಹೋಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆಯವರು ಮೊಸರು ಕಲಸಿಕೊಳ್ಳುತ್ತಾ, "ನೀನು ಅವನನ್ನ ಮಾಡ್ಲಿಲ್ಲ ಕಣೇ. ಜನ ನಗೋ ಅಂಥವನೊಬ್ಬನನ್ನ ಮಾಡ್ದೆ" ಎಂದರು. ಬೈಗುಳವಲ್ಲ, ಓಟದಲ್ಲಿ ಎಡವಿದ ಹುಡುಗಿಗೆ ಹೇಳುವ ಹಾಗೆ ಹೇಳಿದರು. ಮರುದಿನ ಬೆಳಿಗ್ಗೆ ನಾನೂ ಧರಣೇಂದ್ರರೂ ಸೇರಿ ಅವರನ್ನು ಆ ಅಡ್ಡಪೈಪು ದಾಟಿಸಿದೆವು. ಧರಣೇಂದ್ರ ಕಣ್ಣು ತಪ್ಪಿಸಿಕೊಂಡು ಹೊರಗೆ ಹೋದರು. ಅತ್ತೆ ಗೋಡೆಯ ಕಡೆ ತಿರುಗಿ ಕೂತರು. ನಾನು ಎಂದಿನಂತೆ ಬೆಕ್ಕಿನ ಸುದ್ದಿ ತೆಗೆದೆ. ನಾಲ್ಕು ತಂಬಿಗೆ ನೀರಾದ ಮೇಲೆ ಅವರು, "ಯುಗಾದಿಗೆ ಇನ್ನು ಎಷ್ಟು ತಿಂಗಳೇ?" ಎಂದು ಕೇಳಿದರು. ಒಂಬತ್ತು ಎಂದೆ. "ಹೂಂ, ಹಾಕು" ಎಂದರು.

ಆಗ ನನಗೆ ಛಲ ಬಂತು. ಓಬಳೇಶಪ್ಪ ಮನುಷ್ಯನಾದ ಮೇಲೆ ಎಲ್ಲಾದರೂ ಒಂದು ಕಡೆ ಮಾತಾಡಲೇಬೇಕಲ್ಲ. ಬುಧವಾರ ಸಾಯಂಕಾಲ ಐದು ಗಂಟೆಗೆ ತಲೆ ತುಂಬ ಸೆರಗು ಹೊದ್ದು, ಕೈಯಲ್ಲಿ ಸೊಪ್ಪಿನ ಬುಟ್ಟಿ ಹಿಡಿದು ಅವನ ಹಿಂದೆ ಬಿದ್ದೆ. ಕೆಲಸ ಮುಗಿಸಿದವರೆಲ್ಲ ಸೇತುವೆಯ ಆಚೆ ಚಹಾ ಕುಡಿಯಲು ಹೋಗುವುದು ಊರಿಗೇ ಗೊತ್ತಿರುವ ಸಂಗತಿ. ಅಲ್ಲಿಯ ಚಹಾ ಅಷ್ಟು ಚೆನ್ನಾಗಿರುತ್ತದೆಂದು ನಾವೆಲ್ಲ ತಿಳಿದಿದ್ದೆವು, ಅಷ್ಟು ದೂರ ನಡೆದು ಕುಡಿದು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಬಡಗಿ, ಗಾರೆಯವರು, ಟೈಲರ್, ಬಣ್ಣ ಹೊಡೆಯುವವರು, ಎಲೆಕ್ಟ್ರಿಷಿಯನ್ನು, ಸುಮಾರು ಇಪ್ಪತ್ತು ಜನ ಸಾಲಾಗಿ, ಒಬ್ಬರ ಮುಖ ಒಬ್ಬರು ನೋಡದೆ, ಮೌನವಾಗಿ ಸೇತುವೆ ಹತ್ತಿದರು. ನಡುವಿಗೆ ಬಂದಾಗ ಯಾರೋ ಗಂಟಲು ಸರಿಮಾಡಿಕೊಂಡರು. ಆ ಕೊನೆಯಲ್ಲಿ ನಮ್ಮೂರಿನ ಎಲ್ಲೆಕಲ್ಲಿದೆ. ಮೊದಲನೆಯವನ ಕಾಲು ಆ ಕಲ್ಲು ದಾಟಿತೋ ಇಲ್ಲವೋ, ಅಣೆಕಟ್ಟೆಯ ಬಾಗಿಲು ಎತ್ತಿದಂತೆ ಇಪ್ಪತ್ತು ಬಾಯಿ ಒಟ್ಟಿಗೆ ತೆರೆದುಕೊಂಡವು. "ಲೇ ಬಡ್ಡೀಮಗನೆ, ಬೆಳಿಗ್ಗೆಯಿಂದ ಹೇಳ್ಬೇಕಂತ ಇಟ್ಕಂಡಿದೀನಿ ಕೇಳೋ!" "ಅಯ್ಯೋ ನಂದು ಮೊದಲು ಕೇಳ್ರಪ್ಪಾ!" ಎಲ್ಲೆಕಲ್ಲಿನ ಆಚೆ ನಮ್ಮೂರಿನ ದೂರು ನಡೆಯುವುದಿಲ್ಲ, ಅಲ್ಲಿ ಆಡಿದ ಮಾತನ್ನು ಯಾರೂ ಹೆಕ್ಕಿಕೊಂಡು ಹೋಗುವುದಿಲ್ಲ. ನಾನು ಸೇತುವೆಯ ಮೇಲೆ ಬುಟ್ಟಿ ಹಿಡಿದುಕೊಂಡು ಒಂದು ನಿಮಿಷ ಹಾಗೇ ನಿಂತುಬಿಟ್ಟೆ.

ಚಹಾದಂಗಡಿಯ ಹಾಜಿರಾಬಿ "ಏನು ಕೊಡ್ಲಮ್ಮಾ?" ಎಂದಳು. ಈಗ ಬಾಯಿ ಬಿಡಬಾರದ ಸರದಿ ನನ್ನದು. ಬೆರಳು ಮಾಡಿ ಚಹಾ, ಬೋಂಡ ತೋರಿಸಿ ಮೂಲೆಯ ಬೆಂಚಿನಲ್ಲಿ ಕೂತೆ. "ಪಾಪ, ಮೂಗಿ" ಎಂದು ಅವಳು ಒಂದು ಬೋಂಡ ಜಾಸ್ತಿಯೇ ಹಾಕಿದಳು.

ಓಬಳೇಶಪ್ಪ ನಡುವೆ ನಿಂತಿದ್ದ. ಅವನ ಧ್ವನಿ ಮೂಗಿನದಲ್ಲ, ಎದೆಯದು. ದಪ್ಪ, ತಂಪು, ನೀರು ತುಂಬಿದ ಹಂಡೆಗೆ ಕೈ ತಟ್ಟಿದಂಥ ಧ್ವನಿ. ಮಾತಿಗೊಮ್ಮೆ "ಏನಂತೀರಾ?" ಎನ್ನುತ್ತಿದ್ದ. ನಲ್ಲಿ ತೊಟ್ಟಿಕ್ಕುವುದು, ಪಂಪು ಗಾಳಿ ಎಳೆಯುವುದು, ಗಂಡ ಹೆಂಡಿರು ಬಿಸಿನೀರಿಗೆ ಜಗಳವಾಡುವುದು, ಒಂದೊಂದನ್ನೂ ಬಾಯಲ್ಲೇ ಮಾಡಿ ತೋರಿಸುತ್ತಿದ್ದ. ನನಗೆ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು. ಯಾರೋ "ಆ ಕುರ್ಚಿ ಅಮ್ಮನ್ನ ಮಾಡೋ" ಎಂದರು. ಅವನು ಹೆಗಲ ಟವೆಲನ್ನು ಸೆರಗಿನಂತೆ ಎಳೆದುಕೊಂಡು, ಬೆಂಚಿನ ತುದಿಗೆ ಜಾರಿ ಕೂತು, ಕತ್ತನ್ನು ಕೋಳಿಯಂತೆ ಮುಂದಕ್ಕೆ ಚಾಚಿದ.

"ಓಬಳೇಶಪ್ಪೋರೇ, ಸಕ್ಕರೆ ಸಾಕಾ? ಓಬಳೇಶಪ್ಪೋರೇ, ಮಳೆ ಬರಬಹುದಾ? ಪೈಪಿಗೂ ಪಾಪಕ್ಕೂ ಏನು ಸಂಬಂಧ ಗೊತ್ತಾ?" ಎಂದು ಹೇಳಿ, ಉತ್ತರ ಹೇಳುವ ಮುಂಚೆಯೇ ಉಸಿರು ಒಳಗೆಳೆದುಕೊಂಡು "ಹೀಕ್" ಎಂದು ನಕ್ಕ.

ನನ್ನ ನಗೆ! ಚಟಾಕಿ ಹಾರಿಸುವ ಮುಂಚೆಯೇ ನಾನು ನಗುತ್ತೇನೆ ಎನ್ನುವುದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಆ ಕತ್ತು ನನ್ನದು, ಆ ಆಸೆಬುರುಕ ಕಣ್ಣು ನನ್ನದು, ಎದುರಿನವನ ಬಾಯಿಂದ ಏನು ಬೀಳುತ್ತದೋ ಎಂದು ಕಾಯುವ ಆ ಮುಖ ನನ್ನದೇ. ಇಪ್ಪತ್ತು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಊರಿನ ಅಭ್ಯಾಸ ನೋಡಿ, "ಇದು ನಾನೇ" ಎನ್ನುವ ಮಾತು ಗಂಟಲಿನವರೆಗೂ ಬಂತು. ಇಡೀ ಬೋಂಡವನ್ನು ಬಾಯಿಗೆ ತುರುಕಿ ಅದನ್ನು ಒಳಗೆ ನೂಕಿದೆ.

ನಗು ಇಳಿದ ಮೇಲೆ ಬಡಗಿಯೊಬ್ಬ ಕೇಳಿದ, "ಆ ಅಜ್ಜಿಗೆ ನಲ್ಲಿ ಎಟುಕಲ್ವಂತಲ್ಲೋ ಓಬಳೇಶಾ?"

ಓಬಳೇಶಪ್ಪ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಕೂತ. "ಹೆಂಗೆ ಎಟುಕ್ತದೆ? ಕೂತ್ಕಂಡ್ರೆ ಕೈ ಎಲ್ಲಿಗಂಟ ಬತ್ತದೆ ಅಂತ ಕೇಳ್ಬೇಕು. ಕಂಬಿ ಎಡಗೈಗೋ ಬಲಗೈಗೋ ಅಂತ ಕೇಳ್ಬೇಕು. ಆ ತಳ್ಕಂಡ್ ಓಡಾಡೋದು ಎಷ್ಟಗಲ ಐತೆ ಅಂತ ಕೇಳ್ಬೇಕು. ಎರಡು ಸಲ ಬಾಯಿಗೆ ಬಂತು ಕಣಪ್ಪಾ. ನೋಡಿದ್ರೆ ಆವಮ್ಮ ಬಾಗ್ಲಲ್ಲಿ ಕಿವಿ ನಿಗುರಿಸ್ಕಂಡ್ ಕೂತವ್ಳೆ. ನಂಗೆ ಬೆವರು ಇಳೀತು. ಎಲ್ಲಾನೂ ಅಂದಾಜ್ ಮೇಲೆ ಹೊಡ್ದೆ. ಎಷ್ಟ್ ಬೇಗ ಆಚೆ ಬೀಳ್ತೀನೋ ಅಂತ ಸಿಕ್ಕಸಿಕ್ಕಂಗೆ ಸಿಮೆಂಟು ಮೆತ್ತಿ ಬಂದೆ. ಅಂಥ ಗಲೀಜು ಕೆಲಸ ನನ್ ಜನ್ಮದಲ್ಲಿ ಮಾಡಿರ್ಲಿಲ್ಲ. ನಮ್ಮಪ್ಪ ನೋಡಿದ್ರೆ ಈ ಕೈನ ಪಾನದಲ್ಲಿ ಹಾಕಿ ತಿರುವ್ತಿದ್ದ, ಏನಂತೀರಾ?"

ಹಾಜಿರಾಬಿ ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದಳು.

ಹಿಂದಿರುಗುವಾಗ ಸೇತುವೆಯ ಮೇಲೆ ಯಾರೂ ಇರಲಿಲ್ಲ. ಹೊಳೆಯ ಕಡೆ ಬಗ್ಗಿ ಒಂದು ಸಲ ಪ್ರಯತ್ನಿಸಿದೆ. "ನಮ್ಮಪ್ಪ ನೋಡಿದ್ರೆ ಈ ಕೈನ ಪಾನದಲ್ಲಿ ಹಾಕಿ ತಿರುವ್ತಿದ್ದ, ಏನಂತೀರಾ?" ಹಂಡೆಗೆ ಹಂಡೆಯೇ ನನ್ನ ಎದೆಯಲ್ಲಿ ಕೂತಿತ್ತು. ಭಾನುವಾರ ಒಂದೇ ನಿಮಿಷದ ಕೆಲಸ.

ಮನೆಗೆ ಬಂದು ಅತ್ತೆಯವರ ಮುಂದೆ ಅದನ್ನೇ ಮಾಡಿ ತೋರಿಸಿದೆ. ಅವರು ಬಿಡಿಸುತ್ತಿದ್ದ ಅಲಸಂದೆಕಾಯಿ ಹಾಗೇ ಕೈಯಲ್ಲಿ ನಿಂತಿತು. "ಇದು ಎಲ್ಲಿ ಸಿಕ್ತೇ ನಿಂಗೆ?" ಎಂದರು. ಎಲ್ಲವನ್ನೂ ಹೇಳಿದೆ, ಕೋಳಿಕತ್ತನ್ನೂ ಬಿಡದೆ. ಕೋಳಿಕತ್ತಿನ ಹತ್ತಿರ ಅವರು ಸ್ವಲ್ಪ ಹೆಚ್ಚೇ ನಕ್ಕರೆಂದು ನನಗನ್ನಿಸಿತು. ಆಮೇಲೆ ನಗು ನಿಲ್ಲಿಸಿ, "ಭಾನುವಾರ ನೀನು ಇದನ್ನ ಮಾಡಿದ್ರೆ, ಎಲ್ಲಿ ಕಲಿತೆ ಅಂತ ಜನ ಕೇಳೋದಿಲ್ವಾ?" ಎಂದರು.

"ಕೇಳ್ತಾರೆ."

"ಸೋಮವಾರ ಇಡೀ ಊರು ಸೆರಗು ಹೊದ್ದುಕೊಂಡು ಆ ಅಂಗಡೀಲಿ ಬೋಂಡ ತಿಂತಾ ಕೂತಿರುತ್ತೆ. ಆಮೇಲೆ ಆ ಜನ ಮಾತಾಡೋಕೆ ಎಲ್ಲಿಗೆ ಹೋಗ್ಬೇಕು?"

"ಮತ್ತೆ ನಿಮ್ಮ ಸ್ನಾನ ಅತ್ತೇ?"

ಅವರು ಎರಡು ಅಲಸಂದೆಕಾಯಿ ಬಿಡಿಸಿದರು. "ನಂಗೆ ಆ ಸ್ನಾನ ಬೇಕು" ಎಂದರು. "ಸುಳ್ಳು ಯಾಕೆ ಹೇಳ್ಲಿ, ತುಂಬ ಬೇಕು ಕಣೇ ವಾರಿಜಾ. ಆದ್ರೆ ಇಪ್ಪತ್ತು ಜನದ ಬಾಯಿಗೆ ಬಿರಡೆ ಹಾಕಿ ಬರೋ ನೀರು ಬೇಡ. ನೀನು ಬಿ.ಎ. ಓದಿದೋಳು, ಇನ್ನೇನಾದ್ರೂ ಯೋಚನೆ ಮಾಡು."

ಬಿ.ಎ.ಯಲ್ಲಿ ಇದಕ್ಕೆ ಪಾಠವಿರಲಿಲ್ಲ. ಗುರುವಾರ, ಶುಕ್ರವಾರ, ಶನಿವಾರ ನಾನು ಅನ್ನ ಸೀಯಿಸಿದೆ, ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದೆ. ಧರಣೇಂದ್ರ "ನಾನೇ ಒಂದು ಸಲ ಪ್ರಯತ್ನ ಮಾಡ್ಲಾ?" ಎಂದರು. ಮನೆಮಂದಿಯೆಲ್ಲ ಬೇಡ ಎಂದೆವು.

ಎರಡನೆಯ ಭಾನುವಾರ ಜನ ಆಚೆ ಬೀದಿಯಿಂದಲೂ ಬಂದಿದ್ದರು. ವಾರಿಜ ಎರಡನೆಯ ಸಲವೂ ಬೀಳುತ್ತಾಳಾ ಎಂದು ನೋಡುವ ಕುತೂಹಲ. ಅತ್ತೆಯವರು ಜಗುಲಿಯಲ್ಲಿ ವಾಕರ್ ಹಿಡಿದು ನಿಂತೇ ಇದ್ದರು, ಕುರ್ಚಿ ಕೊಟ್ಟರೂ ಕೂರಲಿಲ್ಲ. ಓಬಳೇಶಪ್ಪ ತುಟಿ ಬಿಗಿದುಕೊಂಡು ಅಂಗಳದಲ್ಲಿ ನಿಂತಿದ್ದ. ರಾಯರು ಶುರುಮಾಡಮ್ಮ ಎಂದರು.

ನಾನು ಹಂಡೆಯ ಧ್ವನಿ ತೆಗೆಯಲಿಲ್ಲ. ಸೆರಗನ್ನು ಹೆಗಲಿನ ಮೇಲೆ ಟವೆಲಿನಂತೆ ಎಳೆದುಕೊಂಡೆ. ಜಗುಲಿಯ ಅಂಚಿಗೆ ಜಾರಿ ಕೂತೆ. ಕತ್ತನ್ನು ಕೋಳಿಯಂತೆ ಚಾಚಿದೆ. "ಓಬಳೇಶಪ್ಪೋರೇ, ಸಕ್ಕರೆ ಸಾಕಾ?" ಎಂದೆ. ಅವನು ಹೇಗೆ ಎಳೆದಿದ್ದನೋ ಹಾಗೆಯೇ ಎಳೆದೆ. "ಓಬಳೇಶಪ್ಪೋರೇ, ಮಳೆ ಬರಬಹುದಾ?" ಅವನು ಎಲ್ಲಿ ಕಣ್ಣು ಹೊರಳಿಸಿದ್ದನೋ ಅಲ್ಲೇ ಹೊರಳಿಸಿದೆ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಏನಿದು, ವಾರಿಜಮ್ಮ ತನ್ನನ್ನ ತಾನೇ ಮಾಡ್ತಿದಾಳೆ!" ಎಂದು ಯಾರೋ ಅಂದರು. ಹಯವದನ ರಾಯರು ಮುಂದಕ್ಕೆ ಬಗ್ಗಿ, "ಅಮ್ಮಾ ವಾರಿಜಾ, ಇದು ನಿನ್ನ ಧ್ವನಿ ಅಲ್ವೇನಮ್ಮಾ? ಅವನದು ಬೇಕಲ್ಲ? ನಿಯಮ ಗೊತ್ತಲ್ಲ?" ಎಂದರು.

"ಗೊತ್ತು ರಾಯರೇ. ಯಾರದು ಅಂತ ಅವರನ್ನೇ ಕೇಳಿ" ಎಂದೆ.

ಓಬಳೇಶಪ್ಪನ ಮುಖದಿಂದ ಬಣ್ಣ ಇಳಿದುಹೋಗಿತ್ತು. ತಾನು ಸೇತುವೆಯ ಆಚೆ ಮಾಡಿದ ಆಟ, ಕೂದಲೆಳೆಯಷ್ಟೂ ತಪ್ಪದೆ, ಸೇತುವೆಯ ಈಚೆ ಅವನೆದುರು ಕೂತಿತ್ತು. ಅವನ ಕಣ್ಣು ಹೊಳೆಯ ಕಡೆ ಹೋಗಿ, ಗುಂಪಿನಲ್ಲಿದ್ದ ಬಡಗಿಯ ಮೇಲೆ ಬಿದ್ದು, ನನ್ನ ಮೇಲೆ ನಿಂತಿತು. ನಾನು ಹೊಳೆಯ ಕಡೆ ನೋಡಲಿಲ್ಲ. ಬಡಗಿಯ ಕಡೆಯೂ ನೋಡಲಿಲ್ಲ. ಪೈಪು, ಪಾಪ ಎಂದು ಹೇಳಿ, ಉಸಿರು ಒಳಗೆಳೆದುಕೊಂಡು "ಹೀಕ್" ಎಂದು ನಕ್ಕು ನಿಲ್ಲಿಸಿದೆ. ಸೆರಗು ಸರಿಮಾಡಿಕೊಂಡು ಎದ್ದು ನಿಂತೆ. ಮುಂದಿನದನ್ನು ನನ್ನ ಬಾಯಲ್ಲಿ, ನನ್ನದಾಗಿಯೇ ಹೇಳಿದೆ. "ಇವರು ಕೆಲಸ ಮಾಡೋವಾಗ ನಾನು ಬಾಗಿಲಲ್ಲಿ ಹೀಗೆ ಕೂತಿದ್ದೆ. ನಮ್ಮತ್ತೆ ಕೈ ಎಲ್ಲಿಗೆ ಬರುತ್ತೆ ಅಂತ ಒಂದು ಮಾತು ಕೇಳೋಕೂ ನಾನು ಬಿಡಲಿಲ್ಲ."

ಗೊತ್ತಿಲ್ಲ ಎನ್ನುವುದು ಅವನಿಗೆ ಎಷ್ಟು ಸುಲಭವಿತ್ತು! ಯಾರು ಇಲ್ಲ ಎನ್ನುತ್ತಿದ್ದರು? ಊರೆಲ್ಲ ಕೇಳಿದ್ದು ನನ್ನ ಧ್ವನಿಯನ್ನೇ. ಒಂದು ಮಾತು ಹೇಳಿ ಸೈಕಲ್ ಹತ್ತಿ ಹೋಗಬಹುದಿತ್ತು. ಅವನು ಜಗುಲಿಯ ಮೇಲಿದ್ದ ಅತ್ತೆಯವರನ್ನು ನೋಡಿದ, ವಾಕರನ್ನು ನೋಡಿದ. ಟವೆಲ್ ತೆಗೆದು ಮುಖ ಒರೆಸಿಕೊಂಡ.

"ಇದು ನಾನೇ" ಎಂದ.

ಎದೆಯಿಂದ ಬಂದ ಆ ಧ್ವನಿ ಅಂಗಳ ತುಂಬಿ ಬೀದಿಯ ಆಚೆ ಗೋಡೆಗೆ ಬಡಿದು ಬಂತು. ಊರಿನವರು ಅದನ್ನು ಕೇಳಿದ್ದು ಅದೇ ಮೊದಲು. ಒಂದು ಮಗು ಬೆದರಿ ಅಳತೊಡಗಿತು. ರಾಯರು ಕನ್ನಡಕ ತೆಗೆದು ಹಾಕಿ, "ಇದು ನೀನಾ? ಹೇಗಪ್ಪಾ ನೀನಾಗುತ್ತೆ?" ಎಂದರು.

"ನಾನೇ ಅಂದ್ನಲ್ಲ ಸ್ವಾಮಿ. ಹೆಂಗೆ ಅಂತ ಕೇಳೋದು ನಿಮ್ಮ ನಿಯಮದಾಗೆ ಐತಾ?"

ರಾಯರು ಮೂವತ್ತು ವರ್ಷದ ಸಾಕ್ಷಿತನವನ್ನೆಲ್ಲ ತಡಕಾಡಿ ನೋಡಿದರು. "ಇಲ್ಲ" ಎಂದರು.

"ಹಂಗಾರೆ ನಾಳೆಯಿಂದ ಕಿತ್ತು ಮಾಡ್ಕೊಡ್ತೀನಿ. ಆದ್ರೆ ಒಂದು ಮಾತು. ಕೆಲಸ ಮುಗಿಯೋ ಗಂಟ ಈವಮ್ಮ ಮನೇಲಿ ಇರಂಗಿಲ್ಲ."

ಕಡಲೆಪುರಿ ತಂದವರಿಗೆ ಕೊನೆಗೂ ನಗಲು ಒಂದು ಮಾತು ಸಿಕ್ಕಿತು. ನಾನು ಕೈಮುಗಿದು ಒಪ್ಪಿಕೊಂಡೆ.

ಮೂರು ದಿನ ರಾಯರ ಮನೆಯ ಹಿತ್ತಿಲಲ್ಲಿ, ಕಿವಿಗೆ ಹತ್ತಿ ಇಟ್ಟುಕೊಂಡು, ಅವರ ಹೆಂಡತಿಯ ಜೊತೆ ಹಪ್ಪಳ ಒತ್ತಿದೆ. ಹತ್ತಿ ಇಟ್ಟುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಧರಣೇಂದ್ರ ಹೊತ್ತುಹೊತ್ತಿಗೆ ಬಂದು, ನನ್ನ ಒಂದು ಕಿವಿಯ ಹತ್ತಿ ತೆಗೆದು, ಸುದ್ದಿ ಹೇಳಿ, ಮತ್ತೆ ಮುಚ್ಚಿ ಹೋಗುತ್ತಿದ್ದರು. ಮೊದಲ ದಿನ ಓಬಳೇಶಪ್ಪ ಸುತ್ತಿಗೆಯನ್ನೇ ಮುಟ್ಟಲಿಲ್ಲವಂತೆ. ಬರೀ ಕೇಳಿದನಂತೆ. ಎಡಗೈ ಎಷ್ಟು ಎತ್ತುತ್ತೀರಿ, ಏಳುವಾಗ ಯಾವ ಕಾಲಿಗೆ ಭಾರ ಬಿಡುತ್ತೀರಿ, ತಲೆಗೆ ನೀರು ಹಾಕಿಕೊಳ್ಳುವಾಗ ಕಣ್ಣು ಮುಚ್ಚುತ್ತೀರೋ ತೆರೆದಿರುತ್ತೀರೋ. ಅತ್ತೆಯವರು ಉಟ್ಟ ಸೀರೆಯಲ್ಲೇ ಸ್ಟೂಲಿನ ಮೇಲೆ ಕೂತು, ಖಾಲಿ ತಂಬಿಗೆಯಲ್ಲಿ ಇಡೀ ಸ್ನಾನವನ್ನು ಮಾಡಿ ತೋರಿಸಿದರಂತೆ. ಅವನು ನಾಚಿಕೊಂಡು ಗೋಡೆ ನೋಡಿದ್ದಕ್ಕೆ, "ಇಲ್ಲಿ ನೋಡಪ್ಪಾ! ನಾಲ್ಕು ಸಾವಿರ ಮಕ್ಕಳ ಚಡ್ಡಿ ಲಾಡಿ ಕಟ್ಟಿದೋಳು ನಾನು, ನನ್ನ ಹತ್ರ ನಾಚಿಕೆ ನಡಿಯೋದಿಲ್ಲ!" ಎಂದು ಗದರಿದರಂತೆ. ಎರಡನೆಯ ದಿನ ಧರಣೇಂದ್ರ ಬಂದು, "ಇಬ್ಬರೂ ಮಾತು ನಿಲ್ಲಿಸ್ತಾನೇ ಇಲ್ಲ ಕಣೇ. ನನಗೇ ಒಂದು ಹತ್ತಿ ಕೊಡು" ಎಂದರು.

ಗುರುವಾರ ಬೆಳಿಗ್ಗೆ ನನಗೆ ಮನೆಗೆ ಬರಲು ಅಪ್ಪಣೆಯಾಯಿತು. ಬಾಗಿಲಿಗೆ ಅಡ್ಡವಿದ್ದ ಪೈಪು ಗೋಡೆಯೊಳಗೆ ಸೇರಿಹೋಗಿ, ನೆಲ ಸಪಾಟಾಗಿತ್ತು. ಪೈಪುಗಳು ನೂಲು ಹಿಡಿದಂತೆ ನೇರ. ಒಂದು ನಾರು ಹೊರಗಿರಲಿಲ್ಲ, ಒಂದು ಚೂರು ಸಿಮೆಂಟು ಟೈಲ್ಸಿನ ಮೇಲಿರಲಿಲ್ಲ. ನಲ್ಲಿಯನ್ನು ಅವನು ಎಷ್ಟು ಕೆಳಗೆ, ಎಷ್ಟು ಎಡಕ್ಕೆ ಕೂರಿಸಿದ್ದನೆಂದರೆ, ನಾನು ನಿಂತು ನೋಡಿದರೆ ಅದು ತಪ್ಪು ಜಾಗದಲ್ಲಿದ್ದಂತೆ ಕಾಣುತ್ತಿತ್ತು. ಸ್ಟೂಲಿನ ಮೇಲೆ ಕೂತು ನೋಡಿದೆ. ನನ್ನ ಕೈಗೂ ಅದು ಸರಿಹೊಂದಲಿಲ್ಲ. ಅದು ಕೋಮಲಮ್ಮನವರ ಕೈಗೆ ಮಾತ್ರ ಮಾಡಿದ ನಲ್ಲಿ.

ಅತ್ತೆಯವರು ವಾಕರ್ ತಳ್ಳಿಕೊಂಡು, ಹೆಗಲ ಮೇಲೆ ಒಗೆದ ಸೀರೆ ಹಾಕಿಕೊಂಡು, ನನ್ನನ್ನೂ ಧರಣೇಂದ್ರರನ್ನೂ ದಾಟಿ ಒಳಗೆ ಹೋದರು. ಬಾಗಿಲು ಮುಚ್ಚಿತು. ಚಿಲಕ ಬಿತ್ತು. ನೀರು ಬಿಟ್ಟ ಸದ್ದು, ತಂಬಿಗೆಯ ಸದ್ದು, ಆಮೇಲೆ ಯಾವುದೋ ಪ್ರಭಾತಫೇರಿಯ ರಾಗ. ನಾಲ್ಕು ತಿಂಗಳು ನಾನು ಉಜ್ಜಿದ ಬೆನ್ನು, ಅದರ ಎಡಭುಜದ ಕೆಳಗಿನ ಮಚ್ಚೆ, ಎಲ್ಲ ಬಾಗಿಲಿನ ಆ ಕಡೆ ಹೋಗಿಬಿಟ್ಟವು. ಇನ್ನು ನನಗೆ ಅದರ ಸಂಬಂಧವಿಲ್ಲ. ಸಂತೋಷವೇನೋ ಆಯಿತು, ಮಾಡಲು ಕೆಲಸವಿಲ್ಲದೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಧರಣೇಂದ್ರ ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಬ್ಯಾಂಕಿಗೆ ಹೊತ್ತಾಯಿತೆಂದು ಗಡಿಯಾರ ನೋಡುತ್ತಾ ಅಡ್ಡಾಡುತ್ತಿದ್ದರು. ಕೊನೆಗೆ ನೀರು ನಿಂತಿತು. ನಾವಿಬ್ಬರೂ ಬಾಗಿಲ ಕಡೆ ನೋಡಿದೆವು.

"ವಾರಿಜಾ!" ಎಂದು ಒಳಗಿನಿಂದ ಕಹಳೆ ಮೊಳಗಿತು.

"ಏನತ್ತೇ? ಏನಾಯ್ತು?"

"ಗೀಸರ್ ಆರಿಸಬೇಡ ಕಣೇ. ಇನ್ನೊಂದು ಸಲ ಮೊದಲಿಂದ ಮಾಡ್ತೀನಿ."

ಧರಣೇಂದ್ರ ಆ ದಿನ ಸ್ನಾನವಿಲ್ಲದೆ ಬ್ಯಾಂಕಿಗೆ ಹೋದರು.